ಬಿಟ್ಟು ಹೇಳಿದ ಪಾಲು

ಹೋದ ವಾರ ಸೊಲ್ಲಾಪುರದಲ್ಲಿ ನನ್ನ ತವರುಮನೆಯ ಮುಂದಿನ ರಸ್ತೆ ಅಗೆದು ಹಾಕಿದರು. ಮನೆಮನೆಗೆ ಗ್ಯಾಸ್ ಪೈಪು ಬರುತ್ತದಂತೆ. ಅವ್ವ ಬಾಗಿಲಲ್ಲಿ ನಿಂತು ಹಳದಿ ಪೈಪಿನ ಸುರುಳಿಯನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟ ಸಣ್ಣ ಪೈಪು ಇಡೀ ಓಣಿಗೆ ಸಾಲತೈತೇನ್ರಿ?" ಎಂದು ಮೇಸ್ತ್ರಿಯನ್ನು ಕೇಳಿದಳು. ಅಂದಾಜು ಹಾಕಿಯೇ ತಂದಿದ್ದೇವೆ ಅಜ್ಜಿ ಎಂದು ಅವನು ಮರಾಠಿಯಲ್ಲಿ ಹೇಳಿದ. ಒಳಗೆ ಭಾಕರಿ ತಟ್ಟುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಅಂದಾಜು ಎಂಬ ಮಾತು ಕೇಳಿದರೆ, ಅದನ್ನು ಹಾಕಿದವರು ಯಾರು ಎಂದು ನನಗೆ ಇವತ್ತಿಗೂ ಕೇಳಬೇಕೆನಿಸುತ್ತದೆ. ಅದಕ್ಕೆ ಕಾರಣ ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ.

ನಾನು ಪುಣೆಯ ಒಂದು ಸಲಹಾ ಕಚೇರಿಯಲ್ಲಿ ಸಂಖ್ಯಾಶಾಸ್ತ್ರದ ಕೆಲಸ ಮಾಡುವವಳು. ಆ ವರ್ಷ ಅವ್ವನ ಮೊಣಕಾಲಿನ ಆಪರೇಷನ್ ಆಗಿತ್ತು. ಗಂಡ, ಮಗಳನ್ನು ಪುಣೆಯಲ್ಲಿ ಬಿಟ್ಟು, ಕಂಪ್ಯೂಟರ್ ಬಗಲಲ್ಲಿ ಹಿಡಿದು ನಾಲ್ಕು ತಿಂಗಳಿಗೆಂದು ತವರಿಗೆ ಬಂದೆ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಹತ್ತಿರ ನಮ್ಮ ನೂಲಿನ ಗೋದಾಮಿದೆ, ಅದರ ಮೇಲಿನ ಕೋಣೆ ನನ್ನ ಕಚೇರಿಯಾಯಿತು. ಎದುರಿಗೆ ಟವೆಲ್ ನೇಯುವ ಮಗ್ಗಗಳು ಬೆಳಗಿನಿಂದ ಸಂಜೆಯವರೆಗೆ ಬಡಿಯುತ್ತಿದ್ದವು. ಜೂನಿನ ಮಿರಗದ ಮಳೆ ಮೋಡ ತೋರಿಸಿ ಹೋಯಿತು, ನೀರು ಕೊಡಲಿಲ್ಲ. ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿತ್ತು. ಅದೂ ಕರೆಂಟ್ ಇದ್ದಾಗ.

ನಾನು ಮಾಡುತ್ತಿದ್ದ ಲೆಕ್ಕ ಹೀಗಿತ್ತು. ನೆಲದಡಿ ಎಣ್ಣೆಯೋ ಗ್ಯಾಸೋ ಸಿಕ್ಕಾಗ, ಇದರಿಂದ ಒಟ್ಟು ಇಷ್ಟು ತೆಗೆಯಬಹುದು ಎಂದು ಒಬ್ಬರು ಬರೆಯುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಅದೇ ನಿಕ್ಷೇಪಕ್ಕೆ ಇನ್ನೊಬ್ಬರು ಅದಕ್ಕಿಂತ ಹೆಚ್ಚು ಬರೆಯುತ್ತಾರೆ. ಇಪ್ಪತ್ತು ವರ್ಷಕ್ಕೆ ಇನ್ನೂ ಹೆಚ್ಚು. ಕೆಳಗೆ ಹೊಸ ಎಣ್ಣೆಯೇನೂ ಹುಟ್ಟಿರುವುದಿಲ್ಲ. ಹೆಚ್ಚು ಬಾವಿ ಕೊರೆದಿರುತ್ತಾರೆ, ಯಂತ್ರ ಸುಧಾರಿಸಿರುತ್ತದೆ, ತಿಳಿವಳಿಕೆ ಬಂದಿರುತ್ತದೆ. ಬೆಳೆಯುವುದು ಅಂದಾಜು. ಜಗತ್ತಿನಲ್ಲಿ ಈಗಾಗಲೇ ಗೊತ್ತಿರುವ ನಿಕ್ಷೇಪಗಳ ಅಂದಾಜು ಮುಂದಿನ ಮೂವತ್ತು ವರ್ಷಗಳಲ್ಲಿ ಎಷ್ಟು ಬೆಳೆಯಬಹುದು ಎಂದು ನಾವು ಅಂದಾಜು ಹಾಕಬೇಕಿತ್ತು. ಅಂದರೆ ಅಂದಾಜಿನ ಅಂದಾಜು!

ಅವ್ವನಿಗೆ ಇದನ್ನು ವಿವರಿಸಿದೆ. ಕಾಲು ಚಾಚಿ ಕೂತವಳು ಪೂರಾ ಕೇಳಿಸಿಕೊಂಡು, "ಅಂದ್ರ ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲೀತೀರಿ" ಎಂದಳು.

"ಕೂಸು ಹುಟ್ಟೇತವ್ವಾ. ಎಷ್ಟು ಎತ್ತರ ಬೆಳೀತೈತಿ ಅಂತ ನೋಡೂದು."

"ಹಂಗಾರ ಕುಲಾವಿ ಬಿಟ್ಟು ಅಂಗಿ ಹೊಲೀತೀರಿ. ಅದಕ್ಕ ಪಗಾರ ಬ್ಯಾರೆ ಕೊಡತಾರ!"

ಕೆಲಸದ ರೀತಿ ಕಷ್ಟದ್ದಲ್ಲ. ಒಂದೊಂದು ನಿಕ್ಷೇಪಕ್ಕೂ ಒಂದು ಸಾಲು. ಮೊದಲ ಅಂದಾಜು ಎಷ್ಟು, ಐದು ವರ್ಷಕ್ಕೆ ಎಷ್ಟಾಯಿತು, ಹತ್ತಕ್ಕೆ ಎಷ್ಟಾಯಿತು ಎಂದು ಬರೆಯುತ್ತ ಹೋಗಬೇಕು. ಸಾವಿರಾರು ಸಾಲು ಸೇರಿದಾಗ ವಯಸ್ಸಿಗೂ ಬೆಳವಣಿಗೆಗೂ ಒಂದು ಗೆರೆ ಸಿಗುತ್ತದೆ. ಹಳೆಯ ಕಾಗದ ಸಿಗದ ನಿಕ್ಷೇಪಗಳಿಗೂ ಅದೇ ಗೆರೆ ಹಚ್ಚಿ ಮುಂದಿನದನ್ನು ಹೇಳಬೇಕು. ನನ್ನ ಗೆರೆ ಚಂದ ಬಂದಿತ್ತು. ಚಂದ ಬಂದಿದೆ ಎಂಬುದೇ ನನ್ನನ್ನು ಕೂತಲ್ಲಿ ಕೂರಗೊಡಲಿಲ್ಲ. ಅಮೆರಿಕದಲ್ಲಿ ಒಂದು ರೀತಿ ಬರೆಯುತ್ತಾರೆ, ರಷ್ಯಾದಲ್ಲಿ ಇನ್ನೊಂದು ರೀತಿ, ನಮ್ಮಲ್ಲಿ ಸಾಹೇಬರ ಮುಖ ನೋಡಿ ಬರೆಯುತ್ತಾರೆ. ಅಷ್ಟೂ ಸೇರಿ ಇಷ್ಟು ನಯವಾದ ಗೆರೆ ಹೇಗೆ ಬಂತು? ದಿನಕ್ಕೆ ಏಳು ಸಲ ಚಹಾ ಕುಡಿದೆ. ಗೋದಾಮಿನ ಮೆಟ್ಟಿಲು ಸುಮ್ಮನೆ ಇಳಿದೆ, ಸುಮ್ಮನೆ ಹತ್ತಿದೆ. ಅಣ್ಣ ಕೆಳಗಿನಿಂದ, "ನೂಲು ಎಣಸಾಕತ್ತೀಯೇನ?" ಎಂದು ಚೇಷ್ಟೆ ಮಾಡಿದ.

ನಾನೂರ ಹನ್ನೆರಡನೆಯ ಸಾಲು ಮಾತ್ರ ಕಾಲಿಗೆ ಮುಳ್ಳಾಯಿತು. ದೇಶದ ಪೂರ್ವದ ಮೂಲೆಯ ಒಂದು ಸಣ್ಣ ನಿಕ್ಷೇಪ ಅದು. ಮೊದಲ ಅಂದಾಜಿನ ಮೂರು ಪಟ್ಟಿಗೆ ಬೆಳೆದಿತ್ತು. ಆ ಭಾಗದಲ್ಲಿ ಹಳೆಯ ಅಂಕಿ ಸಿಕ್ಕ ನಿಕ್ಷೇಪಗಳೇ ಕಡಿಮೆ, ಹಾಗಾಗಿ ಇದರ ಮೇಲೆ ನಾನು ಬಹಳ ಭಾರ ಹಾಕಿದ್ದೆ. ಆದರೆ ಆ ಮೊದಲ ಅಂದಾಜು ಯಾವ ವರ್ಷದ್ದೆಂದು ಸ್ಪಷ್ಟವಿರಲಿಲ್ಲ. ಮೂಲ ಕಾಗದ ಕೇಳಿದರೆ, ಗೆದ್ದಲು ಹಿಡಿದು ಹೋಗಿದೆ ಎಂದು ಉತ್ತರ ಬಂತು. ಒಂದು ಪುಟದ ಮಸುಕು ನಕಲಿನಲ್ಲಿ ಸಹಿ ಮಾತ್ರ ಇತ್ತು: ಮಲ್ಲಿನಾಥ ಬಿರಾದಾರ.

ಊಟದ ಹೊತ್ತಿಗೆ ಹೆಸರು ಹೇಳಿದ್ದೇ ತಡ, ಅವ್ವ ತುತ್ತು ಕೆಳಗಿಟ್ಟಳು. "ಏ, ಅಕ್ಕಲಕೋಟದ ಮಲ್ಲಿನಾಥ ಕಾಕಾ ಅಲ್ಲೇನ! ನಿಮ್ಮಪ್ಪನ ಜೋಡಿ ಸಾಲಿ ಕಲತಾವ. ಎಣ್ಣಿ ಕಂಪನ್ಯಾಗ ಇದ್ದ."

ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಸುಳ್ಳಲ್ಲ. ಆ ಕಾಕಾನನ್ನು ನಾನು ಮದುವೆಗಳಲ್ಲಿ ಕಂಡಿದ್ದೆ. ಎಣ್ಣೆ ಕಂಪನಿ ಎಂದರೆ ಶೇಂಗಾ ಎಣ್ಣೆಯ ಕಂಪನಿ ಎಂದೇ ಸಣ್ಣಂದಿನಿಂದ ತಿಳಿದಿದ್ದೆ. ಮರುದಿನವೇ ಅಕ್ಕಲಕೋಟದ ಬಸ್ಸು ಹತ್ತಿದೆ.

ಗುಡಿಗೆ ಬರುವ ಭಕ್ತರ ಗದ್ದಲ ದಾಟಿ, ಹಿಂದಿನ ಓಣಿಯಲ್ಲಿ ಅವರ ಮನೆ. ಮಗ ಮುಂದಿನ ಕೋಣೆಯಲ್ಲಿ ಮೆಡಿಕಲ್ ಅಂಗಡಿ ಇಟ್ಟಿದ್ದ. ಕಾಕಾ ಒಳಗಿನ ಪಡಸಾಲೆಯಲ್ಲಿ ಭೂತಗನ್ನಡಿ ಹಿಡಿದು ಪೇಪರ್ ಓದುತ್ತಿದ್ದರು. ಎತ್ತರದ ಒಣಕಲು ಮೈ, ಬಿಳಿ ಮೀಸೆ. ನಾನು ಯಾರ ಮಗಳೆಂದು ತಿಳಿದು ಖುಷಿಪಟ್ಟರು. ಯಾಕೆ ಬಂದೆನೆಂದು ತಿಳಿದಾಗ ಭೂತಗನ್ನಡಿ ಪಕ್ಕಕ್ಕಿಟ್ಟರು.

"ನನ್ನ ಅಂದಾಜು ಈಗ ಎಷ್ಟಾಗೇತಿ?"

"ಮೂರು ಪಟ್ಟು ಆಗೇತ್ರಿ ಕಾಕಾ!" ಎಂದೆ, ಹೆಮ್ಮೆಪಡುತ್ತಾರೆ ಎಂದುಕೊಂಡು. ಅವರ ಮುಖ ಇಳಿದೇ ಹೋಯಿತು. ಕಾಗದ ಇವೆಯೇ ಎಂದು ಕೇಳಿದರೆ, "ಹುಡಕಬೇಕು" ಎಂದರು. ಅಷ್ಟೇ.

ಹತ್ತು ದಿನ ಬಿಟ್ಟು ಮತ್ತೆ ಹೋದೆ. ಮತ್ತೆ, "ಹುಡಕಬೇಕು." ಅವರ ಹೆಂಡತಿ ಚಂಪಾಕಾಕು ಮಾತ್ರ ಬಾಯಿತುಂಬ ಮಾತಾಡಿದಳು. ಭಾಕರಿ, ಶೇಂಗಾ ಚಟ್ನಿ, ಕೆನೆಮೊಸರು ಹಾಕಿಕೊಂಡು ಬಂದು ಎದುರಿಗೆ ಕೂತು, ಗಂಡನ ನೌಕರಿಯ ಊರಿನ ಕಥೆ ತೆಗೆದಳು. "ಏನ್ ಹೇಳಲೆವ್ವಾ. ಇವರ ಬಾವಿಯ ಗ್ಯಾಸು ದೊಡ್ಡ ಕೊಳವಿ ತುದೀಗೆ ಹಗಲೂ ರಾತ್ರಿ ಧಗಧಗ ಉರೀತಿತ್ತು. ನಾ ಅದರ ಬೆಳಕಿನ್ಯಾಗ ರೇಷನ್ ಚಿಮಣಿ ಎಣ್ಣಿ ಪಾಳಿಗೆ ಡಬ್ಬಿ ಹಿಡಕೊಂಡು ನಿಂದರತಿದ್ದೆ. ಒಂದಲ್ಲ ಎರಡಲ್ಲ, ಒಂಬತ್ತು ವರ್ಷ!" ಎಂದು ನಕ್ಕಳು. ಕಾಕಾ ತಾಟಿನಿಂದ ತಲೆ ಎತ್ತಲಿಲ್ಲ. ತಿರುಗಿ ಬರುವ ಬಸ್ಸಿನಲ್ಲಿ ನನಗೆ ಸಿಟ್ಟು ನೆತ್ತಿಗೇರಿತ್ತು. ಕಾಗದ ಇದ್ದರೆ ಕೊಡಬೇಕು, ಇಲ್ಲದಿದ್ದರೆ ಇಲ್ಲ ಎನ್ನಬೇಕು, ಇದೆಂಥ ಮುದುಕ ಎಂದು ಕಿಟಕಿಯ ಹೊರಗಿನ ತೊಗರಿ ಹೊಲಗಳಿಗೆಲ್ಲ ಬೈದೆ. ಪುಣೆಯಿಂದ ನಮ್ಮ ಮುಖ್ಯಸ್ಥ ದಿನವೂ ಫೋನ್ ಮಾಡಿ ಅಂಕಿ ಯಾವಾಗ ಎಂದು ಕೇಳತೊಡಗಿದ್ದ.

ಶ್ರಾವಣದ ಒಂದು ಸೋಮವಾರ ಕಾಕಾನೇ ಫೋನ್ ಮಾಡಿದರು. "ಬಾ. ನಿನ್ನ ಕಾಕು ಗುಡೀಗೆ ಹೋಗತಾಳ, ಹನ್ನೊಂದರ ಒಳಗ ಬಾ."

ಹೋದೆ. ಟ್ರಂಕು ಆಗಲೇ ಮಂಚದ ಕೆಳಗಿನಿಂದ ಹೊರಗೆ ಬಂದಿತ್ತು. ಹುಡುಕುವ ಮಾತೇ ಇರಲಿಲ್ಲ, ಆ ಕಾಗದ ಎಲ್ಲಿವೆ ಎಂಬುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಕೆಂಪು ದಾರ ಬಿಚ್ಚಿ ಎರಡು ಹಾಳೆ ಮುಂದಿಟ್ಟರು. ಒಂದು, ಅವರು ಕೈಯಿಂದ ಮಾಡಿದ ಲೆಕ್ಕ. ಇನ್ನೊಂದು, ಮೇಲಿನವರಿಗೆ ಕಳಿಸಿದ ಫಾರ್ಮಿನ ನಕಲು. ಲೆಕ್ಕದ ಕೊನೆಯಲ್ಲಿದ್ದ ಅಂಕಿಯೂ ಫಾರ್ಮಿನ ಅಂಕಿಯೂ ಒಂದೇ ಆಗಿರಲಿಲ್ಲ. ಫಾರ್ಮಿನದು ಸರಿಯಾಗಿ ಕಾಲು ಪಾಲು ಕಡಿಮೆ ಇತ್ತು.

"ಇದ್ಯಾಕ ಹಿಂಗ್ರಿ ಕಾಕಾ?"

ಅವರು ತಡವರಿಸಲಿಲ್ಲ. ಬಹಳ ವರ್ಷ ಒಳಗೇ ಹೇಳಿಕೊಂಡ ಮಾತಿನಂತೆ ಬಂತು. "ನಮ್ಮ ಹಳ್ಳಿ ಕಂದಲಗಾಂವದಾಗ ನಮ್ಮವ್ವ ಜ್ವಾಳದ ರಾಶಿ ಅಳೀಬೇಕಾದ್ರ, ಮೊದಲನೇ ಅಳತಿಗೆ 'ಒಂದು' ಅನಗೊಡತಿದ್ದಿಲ್ಲ. 'ಲಾಭ' ಅನ್ನಬೇಕು. ಆಮ್ಯಾಲ ಎರಡು, ಮೂರು. ರಾಶಿ ಮುಗದ ಮ್ಯಾಲ ಯಾರರ ಎಷ್ಟಾತು ಅಂತ ಕೇಳಿದ್ರ, ನಾಲ್ಕರಾಗ ಒಂದು ಪಾಲು ಬಿಟ್ಟು ಹೇಳಾಕಿ. ಪೂರಾ ಹೇಳಿದ್ರ ದೃಷ್ಟಿ ಆಕ್ಕೈತಿ, ಭೂಮಿತಾಯಿ ಮುಂದಿನ ಸಲ ಕೈ ಬಿಗೀ ಹಿಡೀತಾಳ ಅಂತ."

"ಅದು ಜ್ವಾಳ ಕಾಕಾ."

"ಇದೂ ಭೂಮ್ಯಾಗಿಂದನ ಅಲ್ಲೇನ?" ಎಂದರು. "ಕಲತಾವ ನಾ. ಗಣಿತದಾಗ ಇಡೀ ಕಾಲೇಜಿಗೆ ಮೊದಲನೇ ನಂಬರ. ಆದ್ರ ನನ್ನ ಕೈಯಿಂದ ಮಾಡಿದ ಮೊದಲನೇ ಅಂದಾಜು ಅದು. ಫಾರ್ಮಿನ ಮುಂದ ಪೆನ್ ಹಿಡದು ಕುಂತಾಗ ಪೂರಾ ಬರಿಯಾಕ ಕೈ ಬರಲಿಲ್ಲ ನೋಡು. ಸಾಹೇಬ ಮೆಚ್ಚಿದ. ಹುಡುಗ ಜಾಗರೂಕ ಅದಾನ ಅಂದ."

ಆ ಅಂಕಿಯ ಮೇಲೆ ಪೈಪಿನ ಗಾತ್ರ ನಿರ್ಧಾರವಾಯಿತು. ಎಣ್ಣೆಯ ಜೊತೆ ಗ್ಯಾಸೂ ಬರುತ್ತದೆ, ಅದನ್ನು ಒಯ್ಯಲು ಪೈಪು ಬೇಕು. ಅಂದಾಜು ಒಂದು ಮಟ್ಟಕ್ಕಿಂತ ಹೆಚ್ಚಿದ್ದರೆ ದೊಡ್ಡದು, ಕಡಿಮೆಯಿದ್ದರೆ ಸಣ್ಣದು ಎಂದು ಟ್ರಂಕಿನಲ್ಲಿದ್ದ ಕಂಪನಿ ಸಭೆಯ ಟಿಪ್ಪಣಿಯಲ್ಲೇ ಬರೆದಿತ್ತು. ಕಾಕಾನ ಫಾರ್ಮು ಆ ಮಟ್ಟದ ಕೆಳಗೆ ಬಿತ್ತು, ಸಣ್ಣ ಪೈಪು ಹಾಕಿದರು. ಗ್ಯಾಸು ಹೆಚ್ಚು ಬಂತು. ಒಯ್ಯಲು ದಾರಿ ಇಲ್ಲದ್ದನ್ನೆಲ್ಲ ಕೊಳವೆಯ ತುದಿಯಲ್ಲಿ ಸುಟ್ಟರು. ಎರಡನೆಯ ಪೈಪು ಬರಲು ಒಂಬತ್ತು ವರ್ಷ ಹಿಡಿಯಿತು.

"ಯಾರಿಗೂ ಹೇಳಿಲ್ಲ ಸುನಂದಾ. ಆಕಿಗೂ ಹೇಳಿಲ್ಲ. ಪಾಳಿಗೆ ನಿಂತು ಬಂದು ಕೈ ನಾರತಾವ ಅಂತ ಅಳತಿದ್ದಳು, ನಾ ಬಾಯಿ ಮುಚ್ಚಿಕೊಂಡು ಉಂಡೀನಿ. ಒಂಬತ್ತು ವರ್ಷದಾಗ ನನ್ನ ಪಾಲು ಎಷ್ಟು? ನಾ ಪೂರಾ ಬರದಿದ್ರೂ ಸುಡೂದು ಎಷ್ಟಿತ್ತು? ನಿನ್ನ ಹತ್ರ ವರ್ಷವಾರು ಎಲ್ಲಾ ಲೆಕ್ಕ ಐತಿ. ತಗದು ಹೇಳು. ಸಾಯೂದರೊಳಗ ನನಗ ಅದು ಗೊತ್ತಾಗಬೇಕು."

ಕಾಗದ ತೆಗೆದುಕೊಂಡು ಬಂದೆ. ವರ್ಷದ ಗೊಂದಲ ಅರ್ಧ ಗಂಟೆಯಲ್ಲಿ ಬಗೆಹರಿಯಿತು. ಆದರೆ ನನಗೆ ಕೆಲಸವೇ ಬೇಡವೆನಿಸಿತು. ಬಿಟ್ಟಿದ್ದ ಕಾಲು ಪಾಲನ್ನು ಮೊದಲ ಅಂದಾಜಿಗೆ ಸೇರಿಸಿದರೆ, ನಾನೂರ ಹನ್ನೆರಡನೆಯ ಸಾಲಿನ ಬೆಳವಣಿಗೆ ಮೂರು ಪಟ್ಟಿನಿಂದ ಎರಡೂಕಾಲು ಪಟ್ಟಿಗೆ ಇಳಿಯಿತು. ಇಳಿದ ಆ ಮುಕ್ಕಾಲು ಪಟ್ಟು ಬೆಳವಣಿಗೆಯೇ ಅಲ್ಲ, ಒಬ್ಬ ಮನುಷ್ಯ ಮುಚ್ಚಿದ್ದ ಮುಷ್ಟಿ ಅದು. ಇಂಥ ಮುಷ್ಟಿಗಳು ಮಿಕ್ಕ ಸಾಲುಗಳಲ್ಲಿ ಎಷ್ಟಿವೆ? ಎಲ್ಲೋ ಒಬ್ಬ ಸಾಹೇಬನಿಗೆ ಹೆದರಿ ಕಡಿಮೆ ಬರೆದಿರಬೇಕು, ಇನ್ನೊಬ್ಬ ಬಡ್ತಿಯ ಆಸೆಗೆ ಹೆಚ್ಚು ಬರೆದಿರಬೇಕು. ಅವರೆಲ್ಲರ ಅಳುಕನ್ನೂ ಆಸೆಯನ್ನೂ ನಾನು ಒಂದೇ ಗೆರೆಯಲ್ಲಿ ಎಳೆದು, ಮುಂದಿನ ಮೂವತ್ತು ವರ್ಷಕ್ಕೆ ಚಾಚಿ, ಇಷ್ಟು ಬೆಳೆಯುತ್ತದೆ ಎಂದು ಹೇಳಲು ಹೊರಟಿದ್ದೆ. ಅಣ್ಣನ ಮೇಲೆ ರೇಗಿದೆ, ಅವ್ವನ ಮೇಲೆ ರೇಗಿದೆ, ಫೋನಿನಲ್ಲಿ ಮಗಳ ಮೇಲೂ ರೇಗಿದೆ.

ಮುಖ್ಯಸ್ಥನಿಗೆ ಎಲ್ಲ ಹೇಳಿದೆ. ಅವನು ಶಾಂತವಾಗಿ ಕೇಳಿ, ಒಬ್ಬ ಮುದುಕನ ಕಥೆಗೆ ಜಗತ್ತಿನ ಲೆಕ್ಕ ಅಲುಗುವುದಿಲ್ಲ ಮೇಡಂ, ಬೇಕಾದರೆ ತಿದ್ದಿ ನೋಡಿ ಎಂದ. ತಿದ್ದಿ ನೋಡಿದೆ. ಅವನ ಮಾತೇ ಖರೆ. ಜಗತ್ತಿನ ಒಟ್ಟು ಅಂಕಿ ಕೂದಲೆಳೆಯಷ್ಟೂ ಸರಿಯಲಿಲ್ಲ. ಅಯ್ಯೋ ನಿನ್ನ, ಇಷ್ಟಕ್ಕಾಗಿ ನಿದ್ದೆಗೆಟ್ಟೆನೇ ಎಂದು ನನಗೆ ನಾನೇ ಬೈದುಕೊಂಡೆ. ಆದರೂ ಸುಮ್ಮನಾಗಲಿಲ್ಲ. ವರದಿಯಲ್ಲಿ ಒಂದೇ ಅಂಕಿ ಕೊಡುವುದಿಲ್ಲ, ಕಡಿಮೆ ಎಂದರೆ ಇಷ್ಟು, ಹೆಚ್ಚೆಂದರೆ ಇಷ್ಟು ಎಂದು ಅಗಲ ಮಾಡಿ ಕೊಡುತ್ತೇನೆ, ಬೆಳವಣಿಗೆಯಲ್ಲಿ ಬರೆಯುವವರ ಕೈಬಿಗಿಯೂ ಸೇರಿದೆ ಎಂದು ಒಂದು ವಾಕ್ಯ ಹಾಕುತ್ತೇನೆ ಎಂದು ಹಟ ಹಿಡಿದೆ. ನಾಲ್ಕು ದಿನದ ಜಗಳದ ನಂತರ ಅವನು ಒಪ್ಪಿದ. ವಾಕ್ಯವನ್ನು ಮಾತ್ರ ಕೊನೆಯ ಪುಟದ ಸಣ್ಣ ಅಕ್ಷರಕ್ಕೆ ತಳ್ಳಿದ.

ಜಗತ್ತಿನ ಕೆಲಸ ಮುಗಿಯಿತು. ಕಾಕಾನದು ಉಳಿಯಿತು.

ಅದು ನಿಜವಾಗಿ ಸುಲಭದ ಲೆಕ್ಕ. ಅವರು ಪೂರಾ ಬರೆದಿದ್ದರೆ ಅಂದಾಜು ಆ ಮಟ್ಟದ ಮೇಲೆ ಹೋಗಿ ದೊಡ್ಡ ಪೈಪು ಬರುತ್ತಿತ್ತು. ಪ್ರತಿ ವರ್ಷ ಎಷ್ಟು ಗ್ಯಾಸು ಬಂತೆಂಬುದು ನನ್ನ ಬಳಿ ಇತ್ತು, ದೊಡ್ಡ ಪೈಪು ಎಷ್ಟು ಒಯ್ಯುತ್ತಿತ್ತೆಂಬುದು ಟಿಪ್ಪಣಿಯಲ್ಲಿತ್ತು. ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಮೊದಲ ಆರು ವರ್ಷ ದೊಡ್ಡ ಪೈಪು ಅಷ್ಟನ್ನೂ ಒಯ್ಯುತ್ತಿತ್ತು, ಬೆಂಕಿಗೆ ಏನೂ ಉಳಿಯುತ್ತಿರಲಿಲ್ಲ. ಕೊನೆಯ ಮೂರು ವರ್ಷ ದೊಡ್ಡ ಪೈಪಿಗೂ ಮಿಕ್ಕಿ ಬಂದಿತ್ತು, ಆಗ ಹೇಗೂ ಬೆಂಕಿ ಉರಿಯುತ್ತಿತ್ತು. ಒಂಬತ್ತರಲ್ಲಿ ಆರು. ಮೂರು ಸಲ ಮಾಡಿದೆ. ಮೂರು ಸಲವೂ ಆರೇ ಬಂತು. ಐದಾದರೂ ಬರಲಿ ಎಂದು ದೇವರನ್ನು ಬೇಡಿಕೊಂಡೆ, ನಾಚಿಕೆ ಬಿಟ್ಟು ಹೇಳುತ್ತೇನೆ.

ಹಸ್ತದ ಮಳೆ ಕೊನೆಗೂ ಸುರಿದು, ಹೊಲಗಳಲ್ಲಿ ಜೋಳದ ಬಿತ್ತನೆ ನಡೆದಿತ್ತು. ಅಕ್ಕಲಕೋಟದ ದಾರಿಯುದ್ದಕ್ಕೂ ಕಪ್ಪು ಮಣ್ಣಿನ ಹಸಿ ವಾಸನೆ. ಬಸ್ಸಿನಲ್ಲಿ ನಾನು ಹೇಳಬೇಕಾದ್ದನ್ನು ಮತ್ತೆ ಮತ್ತೆ ಮನಸ್ಸಿನಲ್ಲೇ ಹೇಳಿಕೊಂಡೆ. ಎಂಬತ್ತು ದಾಟಿದ ಮನುಷ್ಯನಿಗೆ ಆರು ವರ್ಷ ನಿನ್ನದು ಎಂದು ಹೇಳಿ ನಾನು ಪಡೆಯುವುದೇನು? ಮನೆಯ ಬಾಗಿಲಿಗೆ ಬರುವ ಹೊತ್ತಿಗೆ ನಿರ್ಧಾರ ಆಗಿತ್ತು.

ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂದಲು ಬಾಚಿ ಕೂತಿದ್ದರು. ಕಾಕು ಪಡಸಾಲೆಯ ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವಳನ್ನು ನೋಡಿ ನಾನು ತಡೆದೆ. "ಇರಲಿ, ಕುಂದರಲಿ" ಎಂದರು ಕಾಕಾ. "ಹೇಳು. ಎಷ್ಟು?"

"ಎರಡು ವರ್ಷದ್ದು ಕಾಕಾ. ಉಳಿದದ್ದು ನೀವು ಏನು ಬರದಿದ್ರೂ ಸುಡತಿತ್ತು" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಎಷ್ಟು ಬಿಟ್ಟು ಹೇಳಿದಿ, ತಂಗಿ?"

ನನಗೆ ಕಣ್ಣಲ್ಲಿ ನೀರೇ ಬಂತು. "ನಾಲ್ಕು" ಎಂದೆ.

"ಅಂದ್ರ ಆರು."

"ಹೂಂ ಕಾಕಾ. ಆರು. ಮೂರು ಸಲ ಮಾಡಿ ನೋಡೀನಿ."

"ಬರೋಬರಿ" ಎಂದರು, ಶಿಷ್ಯಳ ಉತ್ತರಕ್ಕೆ ಗುರುತು ಹಾಕುವವರ ಹಾಗೆ. ಆಮೇಲೆ ಮೂಲೆಯತ್ತ ತಿರುಗಿದರು. ಐವತ್ತು ವರ್ಷ ಹೇಳದ್ದನ್ನು ಮೂರು ಮಾತಿನಲ್ಲಿ ಹೇಳಿದರು. ಫಾರ್ಮು, ಪೈಪು, ಬೆಂಕಿ. "ಚಂಪಾ, ಆ ಒಂಬತ್ತರಾಗ ಆರು ವರ್ಷ ಸುಟ್ಟಾವ ನಾನು. ಲೆಕ್ಕ ಮಾಡಿಸಿ ಹೇಳಾಕತ್ತೀನಿ."

ಕಾಕು ಮೊರ ಕೆಳಗಿಡಲಿಲ್ಲ. ಜೋಳದಲ್ಲಿನ ಒಂದು ಹರಳು ಆರಿಸಿ ಪಕ್ಕಕ್ಕೆ ಎಸೆದಳು. "ನಿದ್ದಿಗಣ್ಣಾಗ ದಿನಾ ಕಾಲು ಪಾಲು, ಕಾಲು ಪಾಲು ಅಂತ ಬಡಬಡಿಸಿದ್ರ ಹೆಂಡ್ತಿಗೆ ಗೊತ್ತಾಗಂಗಿಲ್ಲೇನ್ರಿ? ಅಲ್ಲಿದ್ದಾಗನ ಗೊತ್ತಾಗಿತ್ತು ನನಗ" ಎಂದಳು. ಆಮೇಲೆ ತಲೆ ಎತ್ತಿ ಗಂಡನನ್ನು ನೋಡಿದಳು. "ಆರಂತ, ಆರು! ನಾ ಒಂಬತ್ತೂ ನಿಮ್ಮವ ಅಂತ ತಿಳಕೊಂಡು ನಿಮ್ಮ ಜೋಡಿ ಬಾಳೇವು ಮಾಡೀನಿ."

ಕಾಕಾ ಮಂಚದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡರು. ನಾನು ಅಲ್ಲಿದ್ದೇನೆ ಎಂಬುದನ್ನೇ ಮರೆತವರಂತೆ, "ಇನ್ನೊಮ್ಮೆ ಅನ್ನು" ಎಂದರು.

ಕಾಕು ಮೊರ ಕೆಳಗಿಟ್ಟು, ಅವರ ಕಿವಿಯ ಹತ್ತಿರ ಹೋಗಿ, "ಒಂಬತ್ತೂ ನಿಮ್ಮವ ಅಂತ ತಿಳಕೊಂಡು ನಿಮ್ಮ ಜೋಡಿ ಬಾಳೇವು ಮಾಡೀನಿ" ಎಂದು ಇನ್ನೊಮ್ಮೆ ಅಂದಳು.